ವೈನೀ, ಸ್ವಲ್ಪ ಸಿಟ್ಟ ಮಾಡ್ರಿ!

ಗುರುವಾರ, ಮಧ್ಯಾಹ್ನ ನಾಲ್ಕು ಗಂಟೆ. ಸ್ಥಳ, ಐನಾಪುರದಲ್ಲಿ ನನ್ನ ಮೈದುನನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ಕುರ್ಚಿಯಲ್ಲಿ ನಾನು, ಮಂಚದ ಮೇಲೆ ಮೈದುನ, ನೆಲದ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಆಗಬೇಕಾದ ಕೆಲಸ ಒಂದೇ: ಆಸ್ಪತ್ರೆಯವರು ಫೋನಿಗೆ ಕಳಿಸಿದ ಡಿಸ್ಚಾರ್ಜ್ ಕಾಗದದ ಫೈಲನ್ನು ಫೋಟೋ ಮಾಡುವುದು.

ಮೂವತ್ತೊಂದು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ನಾನು, ಕೊನೆಯ ಎಂಟು ವರ್ಷ ಹೆಡ್ ನರ್ಸ್. ವೇಳೆ, ಹಾಜರಿ, ಕೆಲಸ ಈ ಮೂರನ್ನು ಬರೆಯದೆ ನನಗೆ ಯಾವ ಮಾತೂ ಶುರುವಾಗುವುದಿಲ್ಲ. ಬರೆದಾಯಿತು. ಇನ್ನು ಮಾತಿಗೆ ಬರುತ್ತೇನೆ.

ನನ್ನ ಮೈದುನನಂಥ ವಿಚಿತ್ರ ಮನುಷ್ಯ ಕಾಗವಾಡ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಅಥಣಿಯಲ್ಲೂ ಇರಲಾರ. ನಿಪ್ಪಾಣಿಯ ಬಗ್ಗೆ ಮಾತ್ರ ನಾನು ಖಾತ್ರಿ ಕೊಡಲಾರೆ! ಅವನು ಮೆಟ್ರಿಕ್ ಪಾಸಾದವನು. ಕನ್ನಡವನ್ನೂ ಮರಾಠಿಯನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಾನೆ. ಆದರೂ ಮನೆಗೆ ಬಂದ ಯಾವ ಕಾಗದವನ್ನೂ ಕಾಗದವಾಗಿ ಉಳಿಯಗೊಡುವುದಿಲ್ಲ. ಫೋನಿಗೆ ಫೈಲು ಬಂತೆಂದರೆ ಅವನ ಬೆರಳು ತುರಿಸುತ್ತದೆ. ಅದು ಫೋಟೋ ಆಗುವವರೆಗೆ ಚಹಾ ಕೂಡ ಮುಟ್ಟುವುದಿಲ್ಲ.

ಈ ಚಟ ಹತ್ತಿದ್ದು ದ್ರಾಕ್ಷಿಯಿಂದ. ಯಾವ ರೋಗಕ್ಕೆ ಯಾವ ಔಷಧ ಹೊಡೆಯಬೇಕೆಂದು ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೈಲು ಬಂದಿತ್ತು. ಅರ್ಧ ಜನರ ಫೋನಿನಲ್ಲಿ ಅದು ತೆರೆಯಲೇ ಇಲ್ಲ. ಉಳಿದರ್ಧ ಜನರಲ್ಲಿ ತೆರೆಯಿತು, ಆದರೆ ಕನ್ನಡದ ಬದಲು ಕಾಗೆ ಕಾಲು ಗುಬ್ಬಿ ಕಾಲು! ನಮ್ಮವನು ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಧ ದಿನ ಕುಳಿತು ವಿದ್ಯೆ ಕಲಿತು ಬಂದು, ವೈನಿಗೆ, ಅಂದರೆ ಅತ್ತಿಗೆಯಾದ ನನಗೆ, ವಿವರಿಸಿದ.

"ಭಾಳ ಸಾದಾ ಐತ್ರಿ ವೈನೀ. ಆನ್‌ಲೈನ್‌ದಾಗ ಒಂದು ಜಾಗಾ ಐತಿ. ಅಲ್ಲಿ ಫೈಲ್ ಹಾಕಬೇಕು, ರೊಟ್ಟಿ ತಿರುವಿ ಹಾಕೂವಷ್ಟೊತ್ತು ತಡೀಬೇಕು, ಫೋಟೋ ಆಗಿ ಹೊರಗ ಬರತೈತಿ. ಒಂದಕ್ಷರ ಹಿಂದಮುಂದ ಆಗಂಗಿಲ್ಲ."

"ಮನೀ ಕಾಗದ ಯಾರದೋ ಕೈಯಾಗ ಕೊಡಾಕತ್ತೀಯಲ್ಲೋ! ಅವ್ರು ಇಟಗೊಂಡ್ರ?"

"ನನ್ನ ಹೊಲದ ಉತಾರ ಇಟಗೊಂಡು ಅವ್ರೇನ ಬಂದು ಕಬ್ಬ ಕಡೀತಾರೇನ್ರಿ?"

ಇಂಥವನ ಜೊತೆ ಯಾರು ವಾದ ಮಾಡುತ್ತಾರೆ?

ಬರೀ ಫೋಟೋ ಮಾಡಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಪ್ರತಿ ಕಾಗದದ ಮುಂದೆ ಅವನು ಇನ್ನೊಂದು ಚಿತ್ರ ಕೂರಿಸತೊಡಗಿದ. ಹೊಲದ ಉತಾರದ, ಅಂದರೆ ಪಹಣಿಯ, ಮುಂದೆ ಬಾವಿಯ ಚಿತ್ರ. ಸಕ್ಕರೆ ಕಾರ್ಖಾನೆಯ ಕಬ್ಬಿನ ನೋಂದಣಿ ಚೀಟಿಯ ಮುಂದೆ ಒಂದು ಗಳ ಕಬ್ಬು. ಎಮ್ಮೆಯ ವಿಮೆಯ ಮುಂದೆ ಸ್ವತಃ ಎಮ್ಮೆ. ಹಲ್ಲಿನ ಡಾಕ್ಟರ ಚೀಟಿಗಾಗಿ ತನ್ನ ಹಲ್ಲಿನ ಸೆಟ್ಟನ್ನೇ ತೆಗೆದು, ಸ್ಟೀಲ್ ತಾಟಿನಲ್ಲಿ ಇಟ್ಟು, ಬಿಸಿಲು ನೋಡಿ ಫೋಟೋ ಹೊಡೆದ! ಬೋಳು ಬಾಯಿಯಲ್ಲಿ ನನಗೆ ತೋರಿಸಲು ಬಂದಾಗ ಅವನ ಮಾತು ಒಂದೂ ತಿಳಿಯಲಿಲ್ಲ, ಆದರೆ ಖುಷಿ ಮಾತ್ರ ಪೂರ್ತಿ ತಿಳಿಯಿತು.

ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕೋಡಿಯ ನಮ್ಮ ಮನೆಗೆ ಬಂದು, ಕುಳಿತುಕೊಳ್ಳದೆ, ಫೋನು ಎತ್ತಿ ಹಿಡಿದ.

"ವೈನೀ, ಸ್ವಲ್ಪ ಸಿಟ್ಟ ಮಾಡ್ರಿ."

"ಯಾಕೋ?"

"ಮಾಡ್ರೀ, ಕೆಲಸ ಐತಿ."

"ಮುಂಜಾನೆದ್ದ ಇದೇನ ಹುಚ್ಚೋ ನಿಂದು! ವಯಸ್ಸು ಅರವತ್ತಾರಾತು..."

ಕ್ಲಿಕ್!

"ಸಾಕ್ರಿ, ಸಾಕ್ರಿ. ಭಾಳ ಚಲೋ ಬಂತು!"

ಯಾವ ಕೆಲಸ, ಯಾವ ಕಾಗದ, ಎಷ್ಟು ಕೇಳಿದರೂ ಹೇಳಲಿಲ್ಲ. ಸರಕಾರಿ ನೋಟೀಸಿಗೆ ಇಟ್ಟಿರಬೇಕೆಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಈ ಚಿತ್ರಗಳ ಹಾವಳಿ ನಿಪ್ಪಾಣಿಯವರೆಗೂ ಮುಟ್ಟಿತು. ನಮ್ಮ ಸೋದರ ಸೊಸೆಯ ಮದುವೆಯ ಬಯೋಡೇಟಾ ಫೈಲಾಗಿ ಬಂದದ್ದನ್ನು ಇವನು ಫೋಟೋ ಮಾಡಿದ. ಅಲ್ಲಿನ ವರನ ತಂದೆಗೆ ಕಳಿಸುವಾಗ ಹೆಬ್ಬೆರಳು ಫೋಟೋ ಸಾಲಿನಲ್ಲಿ ಎರಡು ಮನೆ ಹಿಂದೆ ಬಿತ್ತು. ಮೊದಲು ಎಮ್ಮೆ ಹೋಯಿತು, ಆಮೇಲೆ ಎಮ್ಮೆಯ ವಿಮೆ, ಆಮೇಲೆ ಹುಡುಗಿ! ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕುಳಿತೆವು. ಹತ್ತು ನಿಮಿಷಕ್ಕೆ ಆ ಕಡೆಯಿಂದ ಫೋನು.

"ಪಾವ್ಹಣೆ, ಮ್ಹೈಸ ಏಕದಮ್ ಝಕಾಸ!"

ಎಮ್ಮೆ ಬಹಳ ಚೆನ್ನಾಗಿದೆ ಎಂದು ಬೀಗರೇ ಮರಾಠಿಯಲ್ಲಿ ಹೊಗಳಿದರು. ಎಮ್ಮೆಯ ಕಾಗದವನ್ನೇ ಇಷ್ಟು ಜೋಪಾನ ಮಾಡುವವರು ನಮ್ಮ ಮನೆಗೆ ಬೇಕಾದ ಜನ ಎಂದೂ ಸೇರಿಸಿದರು. ಮದುವೆ ಆಯಿತು. ಇಂಥವನನ್ನು ಬೈಯುವುದಾದರೂ ಹೇಗೆ?

ನಾನು ಬೈಯುತ್ತಲೇ ಇದ್ದೆ, ಅದು ಬೇರೆ ಮಾತು. ನನ್ನ ಕಪಾಟಿನಲ್ಲಿ ಹನ್ನೊಂದು ರಟ್ಟಿನ ಫೈಲುಗಳಿವೆ. ಒಂದೊಂದಕ್ಕೂ ನಂಬರು, ಕೆಂಪು ದಾರ, ಮೊದಲ ಹಾಳೆಯಲ್ಲಿ ಪರಿವಿಡಿ. ಇಡೀ ಮನೆತನದ ಆರೋಗ್ಯವೆಲ್ಲ ಏಳನೆಯ ನಂಬರಿನಲ್ಲಿದೆ. ಅದನ್ನು ಅವನ ಮುಂದೆ ಬಿಚ್ಚಿ ತೋರಿಸಿ ಕೇಳಿದ್ದೆ: "ದಫ್ತರ ಅಂದ್ರ ಇದು. ನಿಂದೇನು, ದಫ್ತರೋ, ಸಣ್ಣ ಹುಡುಗ್ರ ಚಿತ್ರದ ಅಂಕಲಿಪಿಯೋ?"

ಅವನು ನಕ್ಕ. "ಅಂಕಲಿಪಿ ಅಂತನ ತಿಳ್ಕೋರಿ ವೈನೀ."

ಹೋದ ಭಾನುವಾರ ಊಟಕ್ಕೆಂದು ನಾನು ಐನಾಪುರಕ್ಕೆ ಬಂದಿದ್ದೆ. ಊಟವಾಗಿ ಕೈ ತೊಳೆಯುವಾಗ ಅವನು ಗೋಡೆ ಹಿಡಿದು ನಿಂತ. ಹಣೆಯ ತುಂಬ ಬೆವರು, ಎದೆಯ ಮೇಲೆ ಕೈ. ಮೂವತ್ತೊಂದು ವರ್ಷ ದವಾಖಾನೆಯಲ್ಲಿ ನೋಡಿದ ಮುಖ ಅದು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮಿರಜಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಅವನ ನಾಡಿ ಎಣಿಸಿದೆ. ನೆಗೆಣ್ಣಿ ಅವನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಅವನಿಗೆ ಮಾತು ಹೊರಡುತ್ತಿರಲಿಲ್ಲ. ತರುಣ ಡಾಕ್ಟರ್ ಕೇಳಿದ, ಇವರಿಗೆ ಒಗ್ಗದ ಔಷಧ ಯಾವುದಾದರೂ ಇದೆಯೇ?

ಇತ್ತು! ಹಲವು ವರ್ಷಗಳ ಹಿಂದೆ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ಬಾತು, ಉಸಿರು ಕಟ್ಟಿ, ದೇವರ ದಯೆಯಿಂದ ಉಳಿದಿದ್ದ. ಅದರ ಹೆಸರು? ಒಂದೇ ಥರ ಕೇಳಿಸುವ ಮೂರು ಹೆಸರು ನನ್ನ ತಲೆಯಲ್ಲಿ ಸುತ್ತತೊಡಗಿದವು. ಮೂರರಲ್ಲಿ ಒಂದು ಅವನನ್ನು ಕೊಲ್ಲಬಹುದು. ಹೆಡ್ ನರ್ಸ್ ಆದವಳು ಊಹೆ ಮಾಡಿ ಹೇಳುವಂತಿಲ್ಲ. ಸರಿಯಾದ ಹೆಸರು ಏಳನೆಯ ನಂಬರಿನ ಫೈಲಿನಲ್ಲಿ, ನಾಲ್ಕನೆಯ ಹಾಳೆಯಲ್ಲಿ, ಚಿಕ್ಕೋಡಿಯ ಕಪಾಟಿನಲ್ಲಿ ಭದ್ರವಾಗಿತ್ತು. ಕೀಲಿಕೈ ಮಾತ್ರ ನನ್ನ ಸೊಂಟದಲ್ಲಿತ್ತು!

ಆಗ ನೆಗೆಣ್ಣಿ ಮುಂದೆ ಬಂದಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡವಿರಲಿ ಮರಾಠಿಯಿರಲಿ, ಒಂದಕ್ಷರವೂ ಬಾರದು. ಅವಳ ಹೆಬ್ಬೆರಳು ಫೋನಿನ ಮೇಲೆ ಸರಿಯತೊಡಗಿತು. ಬಾವಿ ಹೋಯಿತು, ಕಬ್ಬು ಹೋಯಿತು, ಎಮ್ಮೆ ಹೋಯಿತು, ತಾಟಿನ ಹಲ್ಲು ಹೋಯಿತು. ಒಂದು ಕಡೆ ಬೆರಳು ನಿಂತಿತು. ನಾನು! ಕಣ್ಣು ಕೆಕ್ಕರಿಸಿ, ಬಾಯಿ ತೆರೆದು, ಸೋಮವಾರ ಬೆಳಗಿನ ಸಿಟ್ಟಿನಲ್ಲಿ! ನನ್ನ ಹಿಂದೆಯೇ ಅವನ ದವಾಖಾನೆ ಕಾಗದಗಳೆಲ್ಲ ಸಾಲಾಗಿ ನಿಂತಿದ್ದವು. ಮೊದಲನೆಯದರಲ್ಲೇ ಔಷಧದ ಹೆಸರು, ಸುತ್ತಲೂ ಕೆಂಪು ಗೆರೆ.

ಡಾಕ್ಟರ್ ಓದಿದ. ನರ್ಸಿಗೆ ಹೇಳಿ ಟ್ರೇಯಲ್ಲಿದ್ದ ಒಂದು ಸಿರಿಂಜನ್ನು ಬದಿಗಿಡಿಸಿದ. "ಬರಂ ಝಾಲಂ, ಮಾವಶಿ," ಒಳ್ಳೆಯದಾಯಿತು ಎಂದ. ಮತ್ತೊಮ್ಮೆ ಆ ಫೋಟೋ ನೋಡಿ, ನನ್ನ ಮುಖ ನೋಡಿ, ಯಾಕೋ ನೆಟ್ಟಗೆ ನಿಂತುಕೊಂಡ.

ಹೊರಗೆ ಬೆಂಚಿನ ಮೇಲೆ ಕುಳಿತಾಗ ನಾನು ಕೇಳಿದೆ, "ನಿನಗ ಅದು ಹೆಂಗ ಸಿಕ್ತು, ತಂಗಿ?"

"ದಿನಾ ಮುಂಜಾನೆ ಚಾ ಕುಡಿಯೂ ಹೊತ್ನ್ಯಾಗ ಕೇಳತಾರ್ರಿ ಅಕ್ಕಾರ. ಎಮ್ಮೀದ ಎಲ್ಲೈತಿ? ಹೊಲದ್ದ ಎಲ್ಲೈತಿ? ದವಾಖಾನೀದ ಎಲ್ಲೈತಿ? ನಾ ಹುಡುಕಿ ತೋರಿಸಿದ ಮ್ಯಾಲನ ಅವ್ರು ಚಾ ಕುಡೀತಾರ. ‘ಒಂದಿನ ನಾ ಏಳದಿದ್ರ ನೀ ಕಾಗದ ಹಿಡಕೊಂಡು ಯಾರ ಬಾಗಲಕ್ಕೂ ಹೋಗಬಾರದು’ ಅಂತಾರ್ರಿ."

ನಾನು ಆ ಫೋನು ಇಸಿದುಕೊಂಡು ಬಾವಿಯಿಂದ ಒಂದೊಂದೇ ಚಿತ್ರ ನೋಡತೊಡಗಿದೆ. ಅಂಕಲಿಪಿ ಎಂದು ಹಂಗಿಸಿದವಳು ನಾನೇ!

ಇಂದಿಗೆ ಬರೋಣ. ಮಂಚ ಬಿಟ್ಟು ಏಳಕೂಡದು, ಫೋನು ಮುಟ್ಟಕೂಡದು ಎಂದು ನನ್ನ ಕಟ್ಟಪ್ಪಣೆ. ಆದ್ದರಿಂದ ಅವನು ಮಲಗಿದಲ್ಲಿಂದಲೇ ಹುಕುಂ ಕೊಟ್ಟ, ನಾನು ಮಾಡಿದೆ. ಫೈಲು ಹಾಕಿದೆ. ರೊಟ್ಟಿ ತಿರುವುವಷ್ಟು ಹೊತ್ತು ತಡೆದೆ. ಮೂರು ಹಾಳೆ ಮೂರು ಫೋಟೋ ಆಗಿ ಬಂದವು.

"ಮುಂದ ಯಾವ ಚಿತ್ರಾ ಇಡೂನು?" ಎಂದೆ. "ನಂದ ಇನ್ನೊಂದು ತಗಿ ಬೇಕಾದ್ರ. ಈ ಸಲ ನಗತೇನಿ."

"ಬ್ಯಾಡ್ರೀ ವೈನೀ! ನೀವು ನಕ್ರ ಇಕಿ ಗುರುತ ಹಿಡ್ಯಾಂಗಿಲ್ಲ."

ನೆಗೆಣ್ಣಿ ಬೆಳ್ಳುಳ್ಳಿಯ ಮೊರ ಬದಿಗಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈಯಿಂದ ಫೋನು ತೆಗೆದುಕೊಂಡು ಬಾಗಿಲಿಗೆ ಹೋದಳು. ಬಗ್ಗಿ, ತನ್ನ ಜೀವನದ ಮೊದಲ ಫೋಟೋ ತೆಗೆದಳು. ತಂದು ತೋರಿಸಿದಳು. ಅವನ ಹಳೆಯ ಚಪ್ಪಲಿ ಜೋಡು, ಮುಂತುದಿ ಮನೆಯೊಳಕ್ಕೆ.

"ಇದ ಇರ್ಲಿ ಬಿಡ್ರಿ ಅಕ್ಕಾರ. ಮನೀಗೆ ಬಂದ್ರು ಅಂತ."

ಮೈದುನ ಗೋಡೆಯ ಕಡೆ ಮುಖ ತಿರುಗಿಸಿದ. ನಾನೂ ಕನ್ನಡಕ ಒರೆಸಬೇಕಾಯಿತು.

ಮೊದಲು ಚಪ್ಪಲಿ, ಹಿಂದೆ ಮೂರು ಹಾಳೆ. ಸಾಲು ಸರಿ ಇದೆಯೇ ಎಂದು ಎರಡು ಸಲ ನೋಡಿದೆ. ಆಮೇಲೆ ನನ್ನ ಸಿಟ್ಟಿನ ಫೋಟೋವನ್ನೂ ಅದರ ಹಿಂದಿನ ಕಾಗದಗಳನ್ನೂ ನನ್ನ ಫೋನಿಗೆ ಕಳಿಸಿಕೊಂಡೆ. ಐದೂ ಹತ್ತಕ್ಕೆ ಕೆಲಸ ಮುಗಿಯಿತು.