ಎಲೆಯ ಬಾಯಿಯ ಮಡಿನೀರು

"ಎಲೆಯನ್ನು ಮಗುಚಿ ನೋಡಿ, ಮಕ್ಕಳೇ. ಅಡಿಯಲ್ಲಿ ಸಾವಿರಾರು ಬಾಯಿಗಳು ಉಂಟು, ಬರಿಗಣ್ಣಿಗೆ ಕಾಣುವುದಿಲ್ಲ. ಪತ್ರರಂಧ್ರ ಅಂತ ಹೆಸರು. ಒಂದೊಂದು ಬಾಯಿಗೆ ಎರಡೆರಡು ತುಟಿ. ಬೆಳಕು ಬಿದ್ದರೆ ತೆರೆಯುತ್ತವೆ, ನೀರು ಸಾಲದಿದ್ದರೆ ಮುಚ್ಚಿಕೊಳ್ಳುತ್ತವೆ. ಬಿಸಿಲಲ್ಲಿ ಎಲೆ ನಮಗೆ ಬೇಡದ ಗಾಳಿಯನ್ನು ಒಳಗೆಳೆದು ಬೇಕಾದ್ದನ್ನು ಹೊರಗೆ ಬಿಡುವುದು ಈ ಬಾಯಿಯಿಂದಲೇ. ಬಾಯಿ ತೆರೆದಾಗ ನೀರೂ ಆವಿಯಾಗಿ ಹೋಗುತ್ತದೆ. ಬೇರು ನೂರು ಕೊಡ ಕುಡಿದರೆ ಗಿಡ ಇಟ್ಟುಕೊಳ್ಳುವುದು ಒಂದೋ ಎರಡೋ ಕೊಡ, ಉಳಿದದ್ದೆಲ್ಲ ಗಾಳಿಗೆ! ನಂಬಿಕೆ ಇಲ್ಲವಾ? ಎಲೆ ತುಂಬಿದ ಗೆಲ್ಲಿಗೆ ಬೆಳಿಗ್ಗೆ ಪ್ಲಾಸ್ಟಿಕ್ ಕವರು ಕಟ್ಟಿ, ಸಂಜೆ ನೋಡಿ."

ಎದುರಿಗೆ ಮಕ್ಕಳು ಯಾರೂ ಇರಲಿಲ್ಲ. ಹೈಸ್ಕೂಲ್ ಟೀಚರು ವೇದಾವತಿ ಮರುದಿನದ ಪಾಠವನ್ನು ಕಾಪುವಿನ ಮನೆಯ ಜಗಲಿಯ ಗೋಡೆಗೆ ಒಪ್ಪಿಸುತ್ತಿದ್ದಳು. ಕಿವಿಗೊಟ್ಟವರು ಒಬ್ಬರೇ, ಒಳಗೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತೆ ಪಂಕಜಮ್ಮ.

ಆ ಮೊಣಕಾಲಿನ ಹಿಂದೆ ದೊಡ್ಡ ಪುರಾಣವಿತ್ತು. ಬೇಸಿಗೆಗೆ ಮನೆಯ ಬಾವಿ ಬತ್ತಿದರೂ ಪಂಚಾಯತಿಯ ನಲ್ಲಿ ಅಂಗಳಕ್ಕೇ ಬಂದಿತ್ತು. ಆದರೆ ಯಜಮಾನರಾದ ರಘುಪತಿ ಆಚಾರ್ಯರ ತೀರ್ಪು ಬೇರೆಯಿತ್ತು. "ನಲ್ಲಿಯೊಳಗೆ ಚರ್ಮದ ವಾಷರು ಉಂಟು. ಆ ನೀರು ದೇವರಿಗೆ ಆಗುವುದಿಲ್ಲ." (ಅದೇ ನೀರಿನ ಕಾಫಿ ಅವರಿಗೆ ದಿನಕ್ಕೆ ಮೂರು ಸಲ ಆಗುತ್ತಿತ್ತು.) ಹಾಗಾಗಿ ದಿನವೂ ಬೆಳಿಗ್ಗೆ ಪಂಕಜಮ್ಮ ಒದ್ದೆ ಸೀರೆಯುಟ್ಟು ದೇವಸ್ಥಾನದ ಬಾವಿಯಿಂದ ಕೊಡ ಹೊತ್ತು ತರಬೇಕಿತ್ತು.

ಮರುದಿನ ಪಂಕಜಮ್ಮನ ಕೈಯಿಂದ ಹಿತ್ತಲಿನ ದಾಸವಾಳಕ್ಕೆ ಐದು ಸೀರೆಯ ಪ್ಲಾಸ್ಟಿಕ್ ಕವರುಗಳು ಬಂದವು.

"ಇದೆಂತದೇ, ಗಿಡಕ್ಕೆ ಟೊಪ್ಪಿ?" ಆಚಾರ್ಯರು ಹೆಂಡತಿಯನ್ನು ಕೇಳಿದರು.

"ನಲ್ಲಿ ಇಲ್ಲ, ವಾಷರು ಇಲ್ಲ, ಮನುಷ್ಯರ ಕೈ ತಾಗಿದ್ದಿಲ್ಲ. ಎಲೆ ಬಾಯಿಂದ ಬಿಟ್ಟ ನೀರು. ಇದಕ್ಕಿಂತ ಮಡಿ ಉಂಟಾ?"

"ಬಾಯಿಂದ ಅಂದರೆ ಎಂಜಲಲ್ವಾ?"

"ಜೇನು ಎಲ್ಲಿಂದ ಬಂತು? ಹುಳದ ಬಾಯಿಂದಲೇ ಅಲ್ವಾ? ಪಂಚಾಮೃತಕ್ಕೆ ಸುರಿಯುವುದಿಲ್ವಾ ನೀವು?"

ಆಚಾರ್ಯರು ತಲೆ ಕೆರೆದುಕೊಂಡರು. ಪ್ಲಾಸ್ಟಿಕ್ಕಿಗೆ ಶಾಸ್ತ್ರದಲ್ಲಿ ಎಲ್ಲಿಯೂ ನಿಷೇಧವಿಲ್ಲವೆಂದು ತಾವೇ ಕಂಡುಹಿಡಿದರು. ಸಂಜೆ ಕವರುಗಳ ತಳದಲ್ಲಿ ನಾಲ್ಕಾರು ಚಮಚ ತಿಳಿನೀರು ಕಂಡಾಗ ಅದಕ್ಕೆ 'ಪತ್ರಗಂಗೆ' ಎಂಬ ನಾಮಕರಣವನ್ನೂ ಮಾಡಿದರು. ಸಾಲಿಗ್ರಾಮಕ್ಕೆ ಅಷ್ಟು ಧಾರಾಳವಾಯಿತು. ಪಂಕಜಮ್ಮನ ಕೊಡ ಅಟ್ಟ ಸೇರಿ ಮಲಗಿತು.

ಎಂಟನೆಯ ದಿನ ಆಚಾರ್ಯರ ಭಕ್ತಿ ಉಕ್ಕಿತು. "ವಾರವಿಡೀ ದೇವರಿಗೆ ಬರೀ ಹಣ್ಣಾಯಿತು, ಇನ್ನು ನೈವೇದ್ಯದ ಅನ್ನವೂ ಪತ್ರಗಂಗೆಯಲ್ಲೇ ಬೇಯಲಿ. ನಲವತ್ತು ಕವರು ಕಟ್ಟಿದರೆ ಸಾಕು."

ಪಂಕಜಮ್ಮ ಸ್ಟೂಲು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಶಾಲೆಗೆ ಹೊರಟ ಸೊಸೆ ನಗು ಬಿಗಿಹಿಡಿದು, "ಅತ್ತೆ, ತುದಿಯ ಗೆಲ್ಲು ಬಿಡಬೇಡಿ, ಅಲ್ಲಿ ಬಿಸಿಲು ಜಾಸ್ತಿ" ಎಂದಳು.

ನಲವತ್ತು ಕವರಿನ ಮೂರನೆಯ ದಿನ ಮೊಣಕಾಲು ದಂಗೆಯೆದ್ದಿತು. ಪಂಕಜಮ್ಮ ಇಟ್ಟುಕೊಂಡಿದ್ದ ಬ್ರಹ್ಮಾಸ್ತ್ರವನ್ನು ಹೊರತೆಗೆದರು.

"ಇಕೊಳ್ಳಿ, ಈ ದಾಸವಾಳ ಕುಡಿಯುವುದು ಎಲ್ಲಿಯ ನೀರು ಗೊತ್ತುಂಟಾ? ನಿಮ್ಮ ಬಚ್ಚಲಿನದ್ದು. ಅದೇ ನಲ್ಲಿ ನೀರು, ಅದರ ಮೇಲೆ ನಿಮ್ಮ ಸಾಬೂನು, ನಿಮ್ಮ ಬೆನ್ನಿನ ಮಣ್ಣು. ಹತ್ತು ದಿನ ದೇವರು ಅದರಲ್ಲೇ ಮಿಂದರು, ಏನೂ ಹೇಳಲಿಲ್ಲ. ಇನ್ನು ನೇರ ನಲ್ಲಿಯಿಂದಲೇ ಹಿಡಿಯುವ, ಎಂತ?"

ಆಚಾರ್ಯರ ಮುಖ ಬಾಡಿದ ಬಸಳೆಯಂತಾಯಿತು. ಕಣ್ಣು ಮುಚ್ಚಿ ಕುಳಿತರು. ಪಂಕಜಮ್ಮ ಗೆದ್ದೆನೆಂದು ಸೆರಗಿನಿಂದ ಬೆವರು ಒರೆಸಿಕೊಂಡರು.

"ಪಂಕಜಾ," ಆಚಾರ್ಯರು ಕಣ್ಣು ತೆರೆದರು. ಮುಖ ಬೆಳಗುತ್ತಿತ್ತು. "ತಪ್ಪು ನೀರಿನದ್ದಲ್ಲ ಮಾರಾಯ್ತಿ, ಗಿಡದ್ದು. ದೇವಸ್ಥಾನದ ಬಾವಿಕಟ್ಟೆಯ ಹತ್ತಿರ ಅಶ್ವತ್ಥ ಉಂಟಲ್ಲ? ಅದರ ಬೇರು ದೇವರ ಬಾವಿಯದ್ದೇ ಕುಡಿಯುವುದು. ನಾಳೆಯಿಂದ ಅದಕ್ಕೆ ಕಟ್ಟು. ಕವರಿಗೆ ಬಚ್ಚಲಿನ ಮೈಲಿಗೆ ಉಂಟು, ಮೊದಲು ಚಂದ ಮಾಡಿ ತೊಳೆ."

ಮರುದಿನ ಬೆಳಿಗ್ಗೆ ಪಂಕಜಮ್ಮ ಒದ್ದೆ ಸೀರೆಯುಟ್ಟು, ಅಟ್ಟದಿಂದ ಇಳಿಸಿದ ಕೊಡವನ್ನು ಸೊಂಟಕ್ಕೂ ನಲವತ್ತು ಕವರುಗಳನ್ನು ಬಗಲಿಗೂ ಇಟ್ಟುಕೊಂಡು ದೇವಸ್ಥಾನಕ್ಕೆ ನಡೆದರು. ಬಾವಿಯಿಂದ ಒಂದು ಕೊಡ ನೀರು ಸೇದಿದರು. ಅಶ್ವತ್ಥದ ನೆರಳಲ್ಲಿ ಮೊಣಕಾಲು ಚಾಚಿ ಕುಳಿತು, ಆ ದೇವರ ಬಾವಿಯ ನೀರಿನಲ್ಲೇ ಒಂದೊಂದೇ ಕವರನ್ನು ತೊಳೆಯತೊಡಗಿದರು.