ಬಾಲವಾಡಿಯೂ ನನ್ನ ಅರೆಬೆಂದ ಮಲಯಾಳವೂ

ಚಿಕ್ಕ ಮಕ್ಕಳಿಗೆ ಪಾಠ ಹೇಳುವವರ ಬಾಳಿನಲ್ಲಿ ನಗೆಪಾಟಲಿಗೆ ಕೊರತೆಯಿಲ್ಲ. ಅದರಲ್ಲೂ ಟೀಚರದ್ದೊಂದು ಭಾಷೆ, ಮಕ್ಕಳದ್ದು ಇನ್ನೊಂದು ಆಗಿಬಿಟ್ಟರೆ ದಿನ ಬೆಳಗಾದರೆ ಒಂದು ಫಜೀತಿ.

ನನ್ನ ತವರು ಕಬಿನಿಯ ಆಚೆ ದಡ, ಮೈಸೂರು ಸೀಮೆ. ಮದುವೆಯಾಗಿ ಈಚೆ ದಡಕ್ಕೆ, ಮಲಯಾಳ ಸೀಮೆಯ ಪೆರಿಕಲ್ಲೂರಿನ ಹತ್ತಿರದ ಹಳ್ಳಿಗೆ ಬಂದೆ. ದೋಣಿ ಹತ್ತಿ ಒಂದು ಎಲೆಯಡಿಕೆ ಜಗಿದು ಮುಗಿಸುವುದರೊಳಗೆ ಗಂಡನ ಮನೆ. ಊರಿನ ಮಹಿಳಾ ಸಮಾಜದವರು ಬಾಲವಾಡಿ ತೆರೆದಾಗ, ಬರುವವರು ನಮ್ಮ ಕನ್ನಡದ ಮನೆಗಳ ಮಕ್ಕಳೇ ತಾನೆ ಅಂತ, ಹೈಸ್ಕೂಲು ಓದಿದ್ದ ನನ್ನನ್ನೇ ಟೀಚರ್ ಮಾಡಿದರು. ಆದರೆ ಅದೇ ಹೊತ್ತಿಗೆ ತಿರುವಾಂಕೂರಿನ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬಂದು, ಕಾಡು ಕಡಿದು, ಕಪ್ಪ ಅಂದರೆ ಮರಗೆಣಸು ನೆಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಗುದ್ದಲಿ ಹಿಡಿದರೆ ಮಕ್ಕಳನ್ನು ಎಲ್ಲಿ ಬಿಡೋದು? ಬಾಲವಾಡಿಯಲ್ಲಿ. ನೋಡನೋಡುತ್ತ ಮುಕ್ಕಾಲು ಪಾಲು ಮಕ್ಕಳು ಮಲಯಾಳದವರೇ ಆಗಿಬಿಟ್ಟರು. ನನಗೋ ಮಲಯಾಳದಲ್ಲಿ ‘ಬಾ’, ‘ಹೋಗು’ ಬಿಟ್ಟರೆ ಮೂರನೆಯ ಮಾತು ಬರುತ್ತಿರಲಿಲ್ಲ.

ಮಣ್ಣಿನ ಹಸು

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದೇ ಮಂತ್ರ: ಮಕ್ಕಳು ಕಿವಿಯಲ್ಲಿ ಕೇಳಿ ಕಲಿಯೋದಿಲ್ಲ, ಕೈಯಲ್ಲಿ ಮಾಡಿ ಕಲೀತಾರೆ. ಸರಿ, ಹೊಳೆ ದಂಡೆಯಿಂದ ಜೇಡಿಮಣ್ಣು ತಂದೆ. ಹಸು ಮಾಡಿದೆವು. ಒಂದಕ್ಕೆ ಕೊಂಬಿಲ್ಲ, ಒಂದಕ್ಕೆ ಐದು ಕಾಲು, ಆದರೂ ಹಸುಗಳೇ. ಎಲ್ಲವನ್ನೂ ಸಾಲಾಗಿ ಮೇಯಲು ಬಿಟ್ಟು, ಮಕ್ಕಳನ್ನು ಸುತ್ತ ಕೂರಿಸಿ ನಾನಂದೆ: “ಸಂಜೆಯಾಯ್ತು. ಹಸು ಮನೆಗೆ ಬರಬೇಕು. ಎಲ್ಲರೂ ಕರೆಯಿರಿ ನೋಡೋಣ!”

ಮಕ್ಕಳು ಮುಖ ಮುಖ ನೋಡಿಕೊಂಡರು.

“ಕರೆಯಿರಿ! ನಾಚಿಕೆ ಯಾಕೆ? ಜೋರಾಗಿ ಕರೆಯಿರಿ!”

ಮುಂದೆ ಕೂತಿದ್ದ ಗುಂಡು ಹುಡುಗ ತುಟಿ ಸೊಟ್ಟ ಮಾಡಿ ಮೆಲ್ಲಗೆ ‘ಊಂ’ ಅಂದ. ಪಕ್ಕದವಳು ಅವನನ್ನು ನೋಡಿ ಶುರುಮಾಡಿದಳು. ಚಿಕ್ಕ ಮಕ್ಕಳ ಅಳು ಒಲೆಯ ಕಿಡಿ ಇದ್ದ ಹಾಗೆ. ಒಂದು ಗಳಿಗೆಯಲ್ಲಿ ಇಡೀ ಬಾಲವಾಡಿ ಬಾಯಿ ಬಾಯಿ ಬಡಿದುಕೊಂಡು ಅಳುತ್ತಿತ್ತು. ನಮ್ಮ ಕನ್ನಡದ ಮಕ್ಕಳು ಮಾತ್ರ “ಬಾ ಗೌರೀ, ಬಾ” ಅಂತ ಹಸು ಕರೆದರು. ಆಮೇಲೆ ಏನೋ ಆಗಬಾರದ್ದು ಆಗಿದೆ ಅಂತ ಹೆದರಿ ಅವರೂ ಅಳೋಕೆ ಹತ್ತಿದರು.

ಪಕ್ಕದ ಕಪ್ಪದ ತೋಟದಿಂದ ತಾಯಂದಿರು ಓಡಿ ಬಂದರು. ಗುಂಡು ಹುಡುಗನ ಅಜ್ಜಿ ಎಲ್ಲರಿಗಿಂತ ಮುಂದೆ. ಅವನು ಬಿಕ್ಕುತ್ತ ನನ್ನ ಕಡೆ ಬೆರಳು ತೋರಿಸಿ, “ಟೀಚರ್ ಕರಯಾನ್ ಪರಞ್ಞು” ಅಂದ.

ಎರಡೂ ಭಾಷೆ ಬಲ್ಲ ನಮ್ಮ ಆಯಾಳನ್ನು ಕೇಳಿದೆ: “ಏನಂತೆ?”

“ನೀವೇ ಅಳೋಕೆ ಹೇಳಿದಿರಂತೆ, ಟೀಚರಮ್ಮಾ. ಇವರ ಮಾತಲ್ಲಿ ‘ಕರಯ್’ ಅಂದರೆ ಅಳು.”

“ಅಯ್ಯೋ ದೇವರೇ! ನಾನು ಕರೆಯೋಕೆ ಹೇಳಿದ್ದು! ಕರೆಯೋಕೆ!”

ಆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ಆಯಾ ಕಡೆ ತಿರುಗಿ ಏನೋ ಹೇಳಿದರು. ಆಯಾ ನನಗೆ ಹೇಳಿದಳು: “ಮಗು ಸುಳ್ಳು ಹೇಳಲಿಲ್ಲ, ಟೀಚರೇ ಒಪ್ಪಿಕೊಂಡರಲ್ಲ ಅಂತಿದ್ದಾರೆ.”

ಬಾಳೆಹಣ್ಣಿನ ಪಾಠ

ಆವತ್ತಿನಿಂದ ಎಚ್ಚರವಾಗಿದ್ದೆ. ಹಂಚಿಕೊಂಡು ತಿನ್ನೋದನ್ನು ಕಲಿಸೋಣ ಅಂತ ನಮ್ಮ ಹಿತ್ತಲಿನ ಒಂದು ಚಿಪ್ಪು ನೇಂದ್ರ ಬಾಳೆಹಣ್ಣು ಹಿಡಿದುಕೊಂಡು ಹೋದೆ. ಮಕ್ಕಳೇ ಸುಲಿಯಬೇಕು, ಮಕ್ಕಳೇ ಮುರಿಯಬೇಕು, ಮಕ್ಕಳೇ ಹಂಚಬೇಕು.

“ಯಾರೂ ಕಿತ್ತಾಡಬಾರದು. ಎಲ್ಲರಿಗೂ ಪಾಲು ಇದೆ. ಇವನಿಗೂ ಪಾಲು, ಅವಳಿಗೂ ಪಾಲು,” ಅಂದೆ.

ಮಲಯಾಳದ ಮಕ್ಕಳ ಮುಖ ಅರಳಿತು. ಮಾತು ತಲುಪಿತಲ್ಲ ಅಂತ ನನಗೆ ಖುಷಿಯೋ ಖುಷಿ. ಹಣ್ಣು ತಿಂದರು. ತಿಂದ ಮೇಲೂ ಏಳಲಿಲ್ಲ, ಬಾಗಿಲು ನೋಡುತ್ತ ಕೂತರು. ಇದ್ಯಾಕೆ ಹೀಗೆ ಅಂತ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಎಲ್ಲರ ಕೈಯಲ್ಲೂ ಒಂದೊಂದು ಲೋಟ. ದಿನವೂ ಬಾರದವರು ಬಂದಿದ್ದರು, ಹೆಸರೇ ಸೇರಿಸದವರೂ ಬಂದಿದ್ದರು. ಅವರ ಭಾಷೆಯಲ್ಲಿ ‘ಪಾಲ್’ ಅಂದರೆ ಹಾಲು ಅಂತ ಆಯಾ ಹೇಳುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕರು ಹಿಡಿಕೆಯ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಮಕ್ಕಳೆಲ್ಲ ಅಪ್ಪಚ್ಚನ್ ಅಂತ ಕರೆಯುತ್ತಿದ್ದ ಅಜ್ಜ ಅವರು.

“ಹಾಲಿಲ್ಲ ಅಪ್ಪಚ್ಚಾ, ಅದು ಬರೀ ಪಾಠ,” ಅಂತ ಆಯಾಳ ಬಾಯಲ್ಲಿ ಹೇಳಿಸಿದೆ.

ಅಪ್ಪಚ್ಚನ್ ಪಾತ್ರೆಯ ಮುಚ್ಚಳ ಮುಚ್ಚಿದರು. ಆಮೇಲೆ ತುಂಬ ವಿನಯದಿಂದ ಕೇಳಿದರು: “ಹಾಗಾದರೆ ಚಹಾದ ಪಾಠ ಯಾವತ್ತು?”

ನೆಟ್ಟರೆ ಬೆಳೆಯುತ್ತೆ

ಎಲ್ಲ ಗೊಂದಲಕ್ಕೂ ಭಾಷೆಯನ್ನೇ ದೂರಿದರೆ ತಪ್ಪಾಗುತ್ತೆ. ಇದು ಅಚ್ಚಗನ್ನಡದಲ್ಲೇ ನಡೆದದ್ದು.

ಬಾಲವಾಡಿಯ ಹಿಂದೆ ಒಂದು ಸಣ್ಣ ಪಾತಿ ಮಾಡಿ ಹುರುಳಿ, ಅವರೆ ಬಿತ್ತಿಸಿದೆ. “ಮಣ್ಣಲ್ಲಿ ಇಟ್ಟು ನೀರು ಹಾಕಿದರೆ ಒಂದು ಇದ್ದದ್ದು ಹತ್ತಾಗುತ್ತೆ,” ಅಂದೆ. ಮಕ್ಕಳು ನಂಬಿದರು. ನಂಬದೆ ಏನು? ಅವರು ಕಣ್ಣು ಬಿಟ್ಟಾಗಿನಿಂದ ನೋಡಿದ್ದೇ ಅದು. ಅಪ್ಪಂದಿರು ಕಪ್ಪದ ಒಣ ಕಡ್ಡಿ ಚುಚ್ಚಿದರೂ ಚಿಗುರುತ್ತೆ, ಮೆಣಸಿನ ಬಳ್ಳಿಯ ತುಂಡು ಹೂತರೂ ಚಿಗುರುತ್ತೆ.

ಆ ವಾರ ಹೊರಡೋ ಹೊತ್ತಿಗೆ ನೋಡಿದರೆ ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿ ಒಂದೇ ಇದೆ. ಇನ್ನೊಂದು ಇಲ್ಲ. ಕಳ್ಳ ಬಂದಿದ್ದರೆ ಎರಡೂ ಒಯ್ಯುತ್ತಿದ್ದ. ಒಂದು ಕಾಲಿನ ಕಳ್ಳನಂತೂ ನಮ್ಮೂರಿನಲ್ಲಿ ಇರಲಿಲ್ಲ. “ಕೋತಿ ಕೆಲಸ,” ಅಂದಳು ಆಯಾ. ಮರಗಳನ್ನೆಲ್ಲ ಕತ್ತೆತ್ತಿ ನೋಡಿದೆವು. ದಾರಿಹೋಕರೂ ನಿಂತು ನಮ್ಮ ಜೊತೆ ಮೇಲೆ ನೋಡಿದರು, ಏನು ಹುಡುಕೋದು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಬರಿಗಾಲಲ್ಲೇ ಮನೆಗೆ ಹೋದೆ. ನಮ್ಮತ್ತೆ ನನ್ನ ಕಾಲನ್ನೂ ಕೈಯಲ್ಲಿದ್ದ ಒಂಟಿ ಚಪ್ಪಲಿಯನ್ನೂ ನೋಡಿ, “ಯಾರಿಗೆ ಹೊಡೆದು ಬಂದೆ?” ಅಂದರು.

ಬೆಳಿಗ್ಗೆ ಪಾತಿಗೆ ನೀರು ಹಾಕಲು ಹೋದರೆ ಮಣ್ಣಿನಿಂದ ಚರ್ಮದ ಬಾರು ಇಣುಕುತ್ತಿದೆ. ಎಳೆದೆ. ಚಪ್ಪಲಿ! ಅದರ ಪಕ್ಕ ಒಂದು ಅಂಗಿಗುಂಡಿ, ಒಂದು ಬಳಪ, ಒಂದು ಹುಂಜದ ಪುಕ್ಕ.

ಹಿಂದಿನಿಂದ ಯಾರೋ ಗೊಳೋ ಅಂದರು. ನಮ್ಮ ಪಕ್ಕದ ಗದ್ದೆಯವರ ಪುಟ್ಟಿ. ನಾನು ದಿನಾ “ಇರೋದು ಒಂದೇ ಜೊತೆ, ಇದೂ ಸವೆದುಹೋಯ್ತು” ಅಂತ ಗೊಣಗುವುದನ್ನು ಕೇಳಿಸಿಕೊಂಡು ನನಗಾಗಿ ನೆಟ್ಟಿದ್ದಳಂತೆ. ಕಣ್ಣೀರು ಒರೆಸಿಕೊಂಡು ಬೈದಳು:

“ಬೇರು ಬಿಡೋ ಮುಂಚೆನೇ ಕಿತ್ತುಬಿಟ್ರಲ್ಲ ಟೀಚರ್!”

ಚಾಪೆ ಹೆಣೆಯುವ ದಿನ

ಈ ಹೊತ್ತಿಗೆ ಊರಿನಲ್ಲಿ ಗುಸುಗುಸು ಎದ್ದಿತ್ತು. ಟೀಚರ್ ಒಳ್ಳೆಯವರು, ಆದರೆ ಅಲ್ಲಿ ಏನು ನಡೆಯುತ್ತೆ ಅಂತ ಯಾರಿಗೂ ಗೊತ್ತಾಗೋದಿಲ್ಲ ಅನ್ನುವುದು ಜನರ ಅಹವಾಲು. ಸಮಾಜದ ಅಧ್ಯಕ್ಷೆ ನನ್ನನ್ನು ಕರೆಸಿ, “ಇಷ್ಟರಲ್ಲೇ ಮೇಲಿನವರು ನೋಡೋಕೆ ಬರ್ತಾರಮ್ಮಾ. ಅವರು ಮೆಚ್ಚಿದರೆ ಬಾಲವಾಡಿ ಉಳಿಯುತ್ತೆ, ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ,” ಅಂದರು. ಆ ಕೆಲಸ ಬಿಟ್ಟರೆ ನನಗಿದ್ದದ್ದು ಒಲೆ ಮತ್ತು ನಮ್ಮತ್ತೆ.

ಹಟ ಹಿಡಿದು ಮಲಯಾಳ ಕಲಿತೆ. ಆಯಾ ಮಗಳ ಬಾಣಂತನಕ್ಕೆ ಹೋದಾಗ, ಇನ್ನು ಯಾರ ಹಂಗೂ ಬೇಡ ಅಂತ ನಾನೇ ಮಕ್ಕಳಿಗೆ ಹೇಳಿದೆ. ಬಣ್ಣಬಣ್ಣದ ಹಳೆಬಟ್ಟೆಯ ಪಟ್ಟಿಗಳಿಂದ ಪುಟ್ಟ ಚಾಪೆ ಹೆಣೆಯೋದು ನನ್ನ ಲೆಕ್ಕ. ಬಟ್ಟೆ ಅನ್ನೋದಕ್ಕೆ ಮಾತು ನೆನಪಾಗಲಿಲ್ಲ. ಪಟ್ಟಿ ಅಂದರೆ ಎಲ್ಲರಿಗೂ ಗೊತ್ತಿರುತ್ತಲ್ಲ ಅಂದುಕೊಂಡು, “ನಾಳೆ ಎಲ್ಲಾರುಂ ಒರು ಪಟ್ಟಿ ಕೊಂಡುವರಣಂ,” ಅಂದೆ. ನಾಳೆ ಎಲ್ಲರೂ ಒಂದು ಪಟ್ಟಿ ತರಬೇಕು. ಮಕ್ಕಳು ಕುಣಿದಾಡಿಬಿಟ್ಟರು.

ಒಬ್ಬ ಕೇಳಿದ: “ಚಿಕ್ಕದು ಆಗುತ್ತಾ ಟೀಚರ್?”

“ಆಗುತ್ತೆ. ಎರಡು ಚಿಕ್ಕದನ್ನು ಸೇರಿಸಿ ಹೊಲಿಯೋಣ.”

“ನಮ್ಮದು ತುಂಬಾ ದೊಡ್ಡದು.”

“ಪರವಾಗಿಲ್ಲ, ಕತ್ತರಿಯಲ್ಲಿ ಕತ್ತರಿಸೋಣ.”

ಕುಣಿತ ನಿಂತಿತು. ಒಬ್ಬಳು ಹುಡುಗಿಗೆ ಕಣ್ಣಲ್ಲಿ ನೀರು ಬಂತು. ಪಾಪ, ಮನೆಯಲ್ಲಿ ಒಂದು ಹಳೆ ಬಟ್ಟೆಯೂ ಇಲ್ಲವೇನೋ ಅಂತ ನನ್ನ ಕರುಳು ಚುರುಕ್ ಅಂತು. ತಲೆ ಸವರಿ ಹೇಳಿದೆ: “ಅಳಬೇಡ ಮಗಳೇ. ನಿಮ್ಮದು ಇಲ್ಲದಿದ್ದರೆ ಪಕ್ಕದ ಮನೆಯದ್ದು ತಾ.”

ಮಾರನೆಯ ಬೆಳಿಗ್ಗೆ ಕತ್ತರಿ, ಸೂಜಿ, ದಾರ ಜೋಡಿಸಿಟ್ಟುಕೊಂಡು ಕೂತಿದ್ದೆ. ಹೊರಗೆ ಬೊಗಳುವ ಸದ್ದು. ಒಂದಲ್ಲ, ಹತ್ತಾರು. ಕತ್ತರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದೆ. ಬಾಳೆನಾರು ಕಟ್ಟಿದ ನಾಯಿ, ತೆಂಗಿನ ಹಗ್ಗ ಕಟ್ಟಿದ ನಾಯಿ, ಬುಟ್ಟಿಯಲ್ಲಿ ಮರಿ. ಅತ್ತಿದ್ದ ಹುಡುಗಿ ಪಕ್ಕದ ಮನೆಯ ಕರಿನಾಯಿಯನ್ನು ಎಳೆದು ತರುತ್ತಿದ್ದಳು, ಅದರ ಹಿಂದೆ ಪಕ್ಕದ ಮನೆಯವರು ಓಡಿ ಬರುತ್ತಿದ್ದರು. ನನ್ನ ಕೈಯ ಕತ್ತರಿ ನೋಡಿದ್ದೇ ತಡ, ಮಕ್ಕಳೆಲ್ಲ ನಾಯಿಗಳನ್ನು ತಬ್ಬಿಕೊಂಡರು.

ಹಾಲಿಗೆ ಬಂದಿದ್ದ ಅಪ್ಪಚ್ಚನ್ ಈ ಸಲ ತಮ್ಮ ಮುದಿನಾಯಿಯ ಜೊತೆ ಬಂದಿದ್ದರು. ಹೆಗಲ ಟವೆಲು ತೆಗೆದು ಕೈಮುಗಿದರು. “ಟೀಚರೇ, ಇವನೊಬ್ಬನನ್ನು ಬಿಟ್ಟುಬಿಡಿ. ಹಂದಿಯಿಂದ ಕಪ್ಪ ಕಾಯೋಕೆ ನಮಗೆ ಇವನನ್ನು ಬಿಟ್ಟರೆ ಯಾರೂ ಇಲ್ಲ.”

‘ಪಟ್ಟಿ’ ಅಂದರೆ ಮಲಯಾಳದಲ್ಲಿ ನಾಯಿ ಅಂತ ನನಗೆ ಹೊಳೆದದ್ದು ಆಗ. ಅದೇ ಹೊತ್ತಿಗೆ ಜೀಪು ಬಂದು ನಿಂತಿತು. ಮೇಲಿನ ಸಾಹೇಬರು ಇಳಿದರು, ಹಿಂದೆಯೇ ಅಧ್ಯಕ್ಷೆ. ಅಧ್ಯಕ್ಷೆ ನಾಯಿಗಳನ್ನು ನೋಡಿದರು, ನನ್ನನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು.

“ಇವತ್ತು ಏನು ಚಟುವಟಿಕೆ?” ಅಂದರು ಸಾಹೇಬರು.

ಅಷ್ಟರಲ್ಲಿ ಮೊದಲ ಸಲ ಅತ್ತ ಆ ಗುಂಡು ಹುಡುಗ ತನ್ನ ನಾಯಿಯ ಕಾಲನ್ನು ಒಂದೊಂದಾಗಿ ಎತ್ತಿ, “ನಾಲು” ಅಂದ. ಬಾಲ ಎತ್ತಿ, “ಒನ್ನು” ಅಂದ. ಸಾಹೇಬರ ಮುಖ ಬೆಳಗಿತು.

“ಭೇಷ್! ನಾನು ಎಷ್ಟು ಬಾಲವಾಡಿ ಸುತ್ತಿದ್ದೇನೆ, ಎಲ್ಲ ಕಡೆ ಗೋಡೆ ಮೇಲೆ ಪ್ರಾಣಿಗಳ ಚಿತ್ರ. ಮುಟ್ಟಿ ಕಲಿಯೋದು ಅಂದರೆ ಇದು! ಅಜ್ಜಂದಿರೂ ಬಂದಿದ್ದಾರೆ! ಆದರೆ ಟೀಚರೇ, ಕತ್ತರಿ ಯಾಕೆ?”

“ಜಡೆಗಟ್ಟಿದ ಕೂದಲು... ಕತ್ತರಿಸಿ... ಶುಚಿತ್ವ...” ಅಂತ ತಡವರಿಸಿ, ಅಪ್ಪಚ್ಚನ್ನರ ನಾಯಿಯ ಬಾಲದ ಗಂಟನ್ನು ಎಲ್ಲರ ಎದುರಿಗೆ ಕತ್ತರಿಸಿದೆ. ನಾಯಿಯ ತಲೆ ಉಳಿದದ್ದಕ್ಕೆ ಅಪ್ಪಚ್ಚನ್ ಶಿಲುಬೆ ಗುರುತು ಹಾಕಿಕೊಂಡರು. ಬಾಲವಾಡಿ ಉಳಿಯಿತು.

ಆದರೆ ಸಾಹೇಬರ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಸುತ್ತಲಿನ ಬಾಲವಾಡಿಗಳೆಲ್ಲ ಇದನ್ನೇ ಮಾಡಬೇಕು ಅಂತ ಅಪ್ಪಣೆ ಹೊರಡಿಸಿದರು. ಸ್ವಲ್ಪ ದಿನ ಕಳೆದು ಟೀಚರುಗಳ ಸಭೆಗೆ ಹೋದರೆ, ಹತ್ತಿರದ ಕೇಣಿಚಿರ ಊರಿನ ಟೀಚರ್ ಕೈಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಾರೆ. ನನಗೆ ಕನಿಕರವಾಯಿತು. ಏನಾಯಿತು ಅಂತ ಕೇಳೋಕೆ ಮಲಯಾಳದಲ್ಲಿ ‘ಎಂದು ಪತ್ತಿ’ ಅನ್ನುವ ಹಾಗೊಂದು ಮಾತಿದೆ. ಅದರ ಕೊನೆಯ ಅಕ್ಷರ ‘ತ’ವೂ ಅಲ್ಲ, ‘ಟ’ವೂ ಅಲ್ಲ, ನಡುವೆ ಎಲ್ಲೋ ನಾಲಿಗೆ ತಿರುಗಿಸಬೇಕು. ನನ್ನ ಕನ್ನಡದ ನಾಲಿಗೆ ಸರಿಯಾಗಿ ನಾಯಿಯ ಮೇಲೇ ಹೋಗಿ ಬಿತ್ತು.

“ಎಂದು ಪಟ್ಟಿ ಟೀಚರೇ?” ಅಂದೆ. ಎಂಥ ನಾಯಿ ಅಂತ ಕೇಳಿದ ಹಾಗಾಯಿತು.

ಅವರು ಸುತ್ತಿದ ಕೈಯನ್ನು ನನ್ನ ಮೂಗಿನ ಹತ್ತಿರ ಎತ್ತಿ ಹಿಡಿದು ಹೇಳಿದರು:

“ಎಂಥದ್ದಾದರೇನಮ್ಮಾ, ಹಲ್ಲಿರೋ ನಾಯಿ!”