ದೊಡ್ಡಮ್ಮನ ಕೂಗು ಪರೀಕ್ಷೆ

ನಮ್ಮ ದೊಡ್ಡಮ್ಮ ನನ್ನ ಮುಖವನ್ನು ಇವತ್ತಿನವರೆಗೂ ಸರಿಯಾಗಿ ನೋಡಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬಾರದೆಂಬುದು ನನ್ನ ಸಿದ್ಧಾಂತ. ಇಗೋ ಸಾಕ್ಷಿ: ಹೋದ ತಿಂಗಳು ನಾನು ಹೊಸ ಕನ್ನಡಕ ಹಾಕಿಕೊಂಡು ಅವರ ಎದುರಿಗೆ ಹೋಗಿ ನಿಂತೆ.

"ಯಾರಮ್ಮ ನೀನು? ಯಾರನ್ನ ನೋಡ್ಬೇಕಿತ್ತು?"

"ದೊಡ್ಡಮ್ಮಾ, ನಾನು!"

"ಓ, ನೀನಾ! ಮೊದ್ಲೇ ಬಾಯಿ ಬಿಡೋದಲ್ವೇನೇ?"

ಕಣ್ಣಿನ ದೋಷವೇನೂ ಇಲ್ಲ. ಮೊರದಲ್ಲಿನ ರಾಗಿಯೊಳಗೆ ಅಡಗಿರುವ ಕಲ್ಲು ನಡುಮನೆಯಿಂದಲೇ ಕಾಣಿಸುತ್ತದೆ. ಮನುಷ್ಯರ ಮುಖದ ಮೇಲೆ ನಂಬಿಕೆಯಿಲ್ಲ, ಅಷ್ಟೆ. "ಮುಖದಲ್ಲೇನಿದೆ, ಎಲ್ಲಾರ್ಗೂ ಎರಡು ಕಣ್ಣು ಒಂದು ಮೂಗು. ಗಂಟಲು ಮಾತ್ರ ದೇವ್ರು ಒಬ್ಬೊಬ್ರಿಗೆ ಒಂದೊಂದು ಥರ ಕೊಟ್ಟವ್ನೆ" ಎಂಬುದು ಅವರ ವಾದ. ದೇವರ ವಿಷಯದಲ್ಲಿ ನನಗೆ ಬೇರೆ ಆಕ್ಷೇಪಣೆಗಳಿವೆ. ಅದು ಇಲ್ಲಿ ಬೇಡ.

ದೊಡ್ಡಮ್ಮ ಎಂದರೆ ನಮ್ಮಮ್ಮನ ದೊಡ್ಡಪ್ಪನ ಮಗಳು. ಕೋಲಾರದ ಬೆಟ್ಟದ ಬುಡದಲ್ಲಿರುವ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಕಾಯುವವರು. ವಾರ್ಡನ್ನು ಸಹಿ ಹಾಕಲು ಬರುತ್ತಾರೆ, ಹಾಸ್ಟೆಲು ನಡೆಯುವುದು ದೊಡ್ಡಮ್ಮನ ಕಿವಿಯ ಮೇಲೆ. ಎಡಗಾಲು ಸ್ವಲ್ಪ ಎಳೆಯುತ್ತಾರೆ. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರೆ ಊಟದ ಗಂಟೆಗೇ ಏಳುವುದು. ನನಗೆ ಸಂಬಂಧದಲ್ಲಿ ದೊಡ್ಡಮ್ಮ, ಮಿಕ್ಕ ನಲವತ್ತು ಹುಡುಗಿಯರಿಗೆ ನೇಮಕದಲ್ಲಿ ದೊಡ್ಡಮ್ಮ.

ಎರಡು ವರ್ಷದ ಹಿಂದೆ ಅಪ್ಪ ನನ್ನನ್ನೂ ನನ್ನ ತಗಡಿನ ಟ್ರಂಕನ್ನೂ ದೇವರಾಯಸಮುದ್ರದಿಂದ ಬಸ್ಸಿಗೆ ಹಾಕಿ ತಂದು ಆ ಗೇಟಿನಲ್ಲಿ ಇಳಿಸಿದರು. ಬಿ.ಎ. ಮೊದಲನೆಯ ವರ್ಷ. ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಎರಡು ಕಪ್ಪುಗಳು ಟ್ರಂಕಿನಲ್ಲಿದ್ದವು. ಹೊಸಬರಿಗೆ ಸೀನಿಯರುಗಳು ಕೊಡುವ ಕಾಟದ ಕಥೆಗಳನ್ನೆಲ್ಲ ಕೇಳಿದ್ದೆ. ಹಾಡು ಹೇಳಿಸುತ್ತಾರಂತೆ, ತಲೆಯ ಮೇಲೆ ಚೊಂಬಿಟ್ಟು ನಡೆಸುತ್ತಾರಂತೆ. ಒಂದೊಂದಕ್ಕೂ ಖಂಡನೆ ಸಿದ್ಧಮಾಡಿಕೊಂಡು ಬಂದಿದ್ದೆ. ಆದರೆ ಸೀನಿಯರುಗಳು ಪಾಪ, ಬೂಂದಿ ಕೊಟ್ಟು ಒಂದು ಹಾಡು ಕೇಳಿ ಬಿಟ್ಟುಬಿಟ್ಟರು. ಕಾಟ ಕೊಟ್ಟದ್ದು ನಮ್ಮ ಸ್ವಂತ ದೊಡ್ಡಮ್ಮ!

"ಟ್ರಂಕು ಅಲ್ಲಿಡು. ಹಿತ್ತಲ ಬಾವಿ ಹತ್ರ ಹೋಗಿ ಒಂದು ಸಲ ಕೂಗು. ಆಮೇಲೆ ಒಗೆಯೋ ಕಲ್ಲಿನ ಹತ್ರ, ಆಮೇಲೆ ಬೆಟ್ಟದ ಬಂಡೆ ಹತ್ರ. ಹೆಸರು ಗಿಸರು ಹೇಳ್ಬೇಡ. ಬರೀ 'ಓ' ಅನ್ನು."

"ಯಾಕೆ?"

"ನಿನ್ನ ಗಂಟಲು ನಂಗೆ ಗೊತ್ತಾಗ್ಬೇಕು."

"ಈಗ ಮಾತಾಡ್ತಿದ್ದೀನಲ್ಲ, ಗೊತ್ತಾಗ್ಲಿಲ್ವಾ?"

"ಮಾತಾಡೋ ಗಂಟಲು ಬೇರೆ, ಕೂಗೋ ಗಂಟಲು ಬೇರೆ ಕಣೇ. ಕಷ್ಟ ಬಂದಾಗ ಯಾರು ಮಾತಾಡ್ತಾರೆ?"

ಹೊಸದಾಗಿ ಸೇರಿದ ಹನ್ನೊಂದು ಜನಕ್ಕೂ ಇದೇ ಸ್ವಾಗತ. ದೊಡ್ಡಮ್ಮ ಬೆನ್ನು ತಿರುಗಿಸಿ ಕಣ್ಣುಮುಚ್ಚಿ ಕೂರುತ್ತಾರೆ. ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ಕೂಗಬೇಕು. ಕೂಗಿದ ಕೂಡಲೇ ಅವರು ಆ ಗಂಟಲಿಗೊಂದು ಹೆಸರಿಡುತ್ತಾರೆ: ಬಸ್ಸಿನ ಹಾರನ್ನು, ಬಿರುಕುಬಿಟ್ಟ ಕೊಡ, ಬೆಣ್ಣೆ ಕಡೆಯೋ ಸದ್ದು! ಹೀಗೆ ಎಲ್ಲರದೂ ಮನಸ್ಸಿಗೆ ಕೂತ ಮೇಲೆ ಮಾತ್ರ ಅವರಿಗೆ ಸಮಾಧಾನ. ಒಬ್ಬಳು ಬಾಕಿಯಿದ್ದರೂ ಹಾಸ್ಟೆಲು ಬಿಟ್ಟು ಕದಲುವುದಿಲ್ಲ, ಭಾನುವಾರವೂ ಸಹ.

ನಾನು ಒಪ್ಪಲಿಲ್ಲ. ಒಂದು, ಕಾಲೇಜು ಸೇರಲು ಬಂದವಳು ದನ ಕರೆಯುವವರ ಹಾಗೆ ಅರಚುವುದು ಘನತೆಗೆ ಕುಂದು. ಎರಡು, ಒಂದು 'ಓ'ಗೂ ಇನ್ನೊಂದು 'ಓ'ಗೂ ವ್ಯತ್ಯಾಸ ತಿಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ಮೂರು... ಮೂರನೆಯದು ಹೇಳುವಷ್ಟರಲ್ಲಿ ದೊಡ್ಡಮ್ಮ "ಸರಿ, ನಿಂಗೆ ಯಾವಾಗ ಇಷ್ಟಾನೋ ಆವಾಗ ಕೂಗು. ನಾನೆಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ" ಎಂದುಬಿಟ್ಟರು. ಎದುರುವಾದವೇ ಇಲ್ಲದ ಚರ್ಚೆಯನ್ನು ಗೆಲ್ಲುವುದು ಹೇಗೆ ಹೇಳಿ?

ನನ್ನ ಜೊತೆಗೆ ಇನ್ನೊಬ್ಬಳೂ ಬಾಕಿಯಿದ್ದಳು. ಶ್ರೀನಿವಾಸಪುರದ ಕಡೆಯವಳು, ಮನೆಮಾತು ತೆಲುಗು, ನನ್ನ ಕೋಣೆಯವಳೇ. ನಾನು ಕೂಗುವುದಿಲ್ಲ ಎಂದವಳು, ಅವಳು ಕೂಗಲಾರದವಳು. ಬಾವಿಯ ಹತ್ತಿರ ನಿಂತು ಬಾಯಿ ತೆರೆಯುತ್ತಾಳೆ, ಏನೂ ಬರುವುದಿಲ್ಲ. "ನಮ್ಮನೇಲಿ ಜೋರಾಗಿ ನಕ್ಕರೂ ನಮ್ಮಜ್ಜಿ ಬಯ್ತಾರೆ ಕಣೇ" ಎಂದು ನನ್ನ ಹತ್ತಿರ ಅತ್ತಳು. ದೊಡ್ಡಮ್ಮ ದಿನಾ ಸಂಜೆ ಅವಳನ್ನು ಬಾವಿಯ ಹತ್ತಿರ ಕಳಿಸಿ ಬೆಂಚಿನಿಂದಲೇ "ಗಟ್ಟಿಗಾ ಅರುವೇ!", ಗಟ್ಟಿಯಾಗಿ ಕೂಗೇ ಎಂದು ತೆಲುಗಿನಲ್ಲಿ ಹುರಿದುಂಬಿಸುವರು. ಮೊದಲ ದಿನ ಉಸಿರು ಬಂತು. ನಾಲ್ಕನೆಯ ದಿನ ಬೆಕ್ಕಿನಮರಿಯಷ್ಟು ಬಂತು. ಎಂಟನೆಯ ದಿನ ಅವಳು ಎಂಥ ಕೂಗು ಹಾಕಿದಳೆಂದರೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಾಕೆ ಕೋಲು ಹಿಡಿದೇ ಹೊರಗೆ ಓಡಿ ಬಂದಳು! ದೊಡ್ಡಮ್ಮ ಕಣ್ಣು ಬಿಡದೆ "ಅಬ್ಬಬ್ಬಾ, ನವಿಲು!" ಎಂದರು. ನವಿಲು ಅಲ್ಲಿಂದ ಇಲ್ಲಿಯವರೆಗೆ ಬಾಯಿ ಮುಚ್ಚಿಲ್ಲ. ನನ್ನ ನಿದ್ದೆಯನ್ನು ಕೇಳಿ.

ಸಂಶಯವಾದಿಗೆ ಕುತೂಹಲ ಇರಬಾರದೆಂದು ಯಾರು ಹೇಳಿದರು? ಇವರಿಗೆ ನಿಜವಾಗಿಯೂ ಗೊತ್ತಾಗುತ್ತದೆಯೇ ಎಂದು ಪರೀಕ್ಷೆಗೆ ಇಳಿದೆ. ಬಂಡೆಯ ಹತ್ತಿರ 'ಬಸ್ಸಿನ ಹಾರನ್ನು' ಎನಿಸಿಕೊಂಡವಳನ್ನು ನಿಲ್ಲಿಸಿ, ಬಾಯಿಗೆ ದಾವಣಿಯ ಸೆರಗು ತುರುಕಿ, ಮೂಗು ಹಿಡಿದು ಕೂಗೆಂದೆ. ಗೇಟಿನಿಂದ ಉತ್ತರ ಬಂತು: "ಏ ಹಾರನ್ನೂ, ಸೆರಗು ಉಗುಳೇ, ಬಣ್ಣ ಹೋಗ್ತದೆ!" ಮಾಲೂರಿನ ಅಕ್ಕತಂಗಿಯರಿಬ್ಬರಿದ್ದರು. ಅವರಮ್ಮನಿಗೇ ಅವರ ದನಿ ಬೇರೆ ಮಾಡಿ ತಿಳಿಯುವುದಿಲ್ಲವಂತೆ. ಇಬ್ಬರನ್ನೂ ಒಟ್ಟಿಗೆ ಕೂಗಿಸಿದೆ. "ಇಬ್ರೂ ಸೇರ್ಕೊಂಡು ಯಾಕ್ರೇ ಕಿರುಚ್ತೀರಾ? ಚಿಕ್ಕೋಳಿಗೆ ಶೀತ ಆಗಿದೆ, ಶುಂಠಿ ಕಷಾಯ ಕುಡೀಲಿ." ಚಿಕ್ಕವಳಿಗೆ ಮಾರನೆಯ ದಿನ ಮೂಗು ಸುರಿಯತೊಡಗಿತು! ನಾನು ಎರಡನೆಯ ಆಕ್ಷೇಪಣೆಯನ್ನು ಸದ್ದಿಲ್ಲದೆ ವಾಪಸ್ಸು ಪಡೆದೆ. ಆದರೆ ಘನತೆಯ ಆಕ್ಷೇಪಣೆ ಹಾಗೇ ಇತ್ತು.

ಅದರಿಂದ ತೊಂದರೆಯಾದದ್ದು ಟೇಕಲ್ಲಿನಲ್ಲಿ. ದೊಡ್ಡಮ್ಮನ ಮನೆ ಅಲ್ಲಿ. ದೊಡ್ಡಪ್ಪ ಟೇಕಲ್ ಸ್ಟೇಷನ್ನಿನಲ್ಲಿ ಬಾವುಟ ತೋರಿಸುವ ಕೆಲಸದಲ್ಲಿದ್ದರು. ಪ್ರತಿ ಭಾನುವಾರ ದೊಡ್ಡಮ್ಮ ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದು ಊರಿಗೆ ಹೋಗುವರು. ಅವತ್ತು ಅಡುಗೆ ದೊಡ್ಡಪ್ಪನದು, ಕೋಳಿ ಸಾರು. ನನ್ನ ಕೂಗು ಬಾಕಿಯಿದ್ದದ್ದರಿಂದ ಮೂರು ಭಾನುವಾರ ಹೋಗಲಿಲ್ಲ. ದೊಡ್ಡಪ್ಪ ಆ ಕಡೆಯಿಂದ ಬರುವವರ ಕೈಲೆಲ್ಲ ಹೇಳಿ ಕಳಿಸಿದರು. ಮೊದಲ ವಾರ: "ಕೋಳಿ ಹಿಡಿದಿಟ್ಟಿದ್ದೆ, ಬಿಟ್ಟೆ." ಎರಡನೆಯ ವಾರ: "ಮತ್ತೆ ಹಿಡಿದೆ, ಮತ್ತೆ ಬಿಟ್ಟೆ." ಮೂರನೆಯ ವಾರ: "ಅದು ಈಗ ನನ್ನ ನೋಡಿದ್ರೆ ಹೆದ್ರೋದೇ ಇಲ್ಲ." ನನ್ನ ವಾದದಿಂದ ಈ ಜಗತ್ತಿನಲ್ಲಿ ಉಳಿದ ಜೀವ ಅದೊಂದೇ!

"ಪಾಪ, ದೊಡ್ಡಪ್ಪನಿಗೋಸ್ಕರ ಆದ್ರೂ ಒಂದ್ಸಲ ಕೂಗೇ" ಎಂದಳು ನವಿಲು.

"ದೊಡ್ಡಮ್ಮ ಹೋಗ್ಲಿ. ನಾನೇನು ಗೇಟಿಗೆ ಕಟ್ಟಿಹಾಕಿದೀನಾ?" ಎಂದೆ. ಮಾತಿಗೆ ಬಲವಿತ್ತು. ಯಾಕೋ ಹೇಳಿದ ಮೇಲೆ ಬಾಯಿ ಕಹಿಯಾಯಿತು.

ನಾಲ್ಕನೆಯ ಭಾನುವಾರ. ಊಟ ಮುಗಿಸಿ, ಭಾಷಣ ಅಭ್ಯಾಸ ಮಾಡಲೆಂದು ಒಬ್ಬಳೇ ಬಂಡೆಗಳ ಕಡೆಗೆ ಹತ್ತಿದೆ. ಅದು ನನ್ನ ರೂಢಿ. ಬಂಡೆಗಳು ಅಡ್ಡಮಾತಾಡದ ಸಭಿಕರು. ಬೆಟ್ಟದ ಸೀತಾಫಲ ಕಣ್ಣು ಬಿಡುವ ಕಾಲ. ಒಂದು ಹಣ್ಣಿಗೆ ಕೈ ಚಾಚಿದೆ ನೋಡಿ, ಕಾಲಡಿಯ ಕಲ್ಲು ಜಾರಿತು. ಎರಡು ಬಂಡೆಗಳ ಸಂದಿಗೆ ಸೊಂಟದವರೆಗೆ ಇಳಿದುಬಿಟ್ಟೆ. ಬಲಗಾಲು ಒಳಗೆಲ್ಲೋ ಸಿಕ್ಕಿಕೊಂಡಿತು. ಎಳೆದರೆ ಪ್ರಾಣ ಹೋಗುವಷ್ಟು ನೋವು.

ಆಗಲೂ ನಾನು ಏನು ಮಾಡಿದೆ ಗೊತ್ತೇ? ಸ್ಪಷ್ಟವಾದ ಉಚ್ಚಾರಣೆಯಲ್ಲಿ, ಪೂರ್ಣ ವಾಕ್ಯದಲ್ಲಿ, "ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನ್ನ ಸಹಾಯಕ್ಕೆ ಬರಬೇಕೆಂದು ವಿನಂತಿಸುತ್ತೇನೆ!" ಎಂದೆ. ಕೆಳಗೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕಿವಿಗೊಟ್ಟರು. "ಅದೇ ಹಾಸ್ಟೆಲ್ ಹುಡುಗಿ ಕಣಕ್ಕ, ದಿನಾ ಇಲ್ಲಿ ಭಾಷಣ ಹೊಡೀತದೆ." "ಚೆನ್ನಾಗ್ ಮಾತಾಡ್ತದೆ ಬಿಡು." ಹೊರಟೇ ಹೋದರು! ನನ್ನ ಜೀವನದಲ್ಲಿ ಬೇಡವೆನಿಸಿದ ಮೆಚ್ಚುಗೆ ಅದೊಂದೇ.

ಬಿಸಿಲು ಬಂಡೆಯಿಂದ ಇಳಿಯತೊಡಗಿತು. ಗಂಟಲು ಒಣಗಿತ್ತು. ವಾಕ್ಯ ಮುರಿಯಿತು, ಆಮೇಲೆ ಪದ ಮುರಿಯಿತು. ಕೊನೆಗೆ ಉಳಿದದ್ದು ಒಂದೇ. ಕಣ್ಣುಮುಚ್ಚಿ ಕೂಗಿದೆ: "ಓ...!"

ಎರಡನೆಯ ಸಲ ಕೂಗುವ ಹೊತ್ತಿಗೆ ಕೆಳಗಿನಿಂದ ಉತ್ತರ: "ಬಂದೆ ಕಣೇ! ಅಲ್ಲಾಡ್ಬೇಡ!"

ಎಡಗಾಲೆಳೆಯುತ್ತಾ, ಮುದ್ದೆಕೋಲು ಊರುತ್ತಾ, ದೊಡ್ಡಮ್ಮ. ಹಿಂದೆ ಅಡುಗೆಯಾಕೆ, ಅವಳ ಹಿಂದೆ ನವಿಲು. ಕೋಲಿನಿಂದ ಕಲ್ಲು ಮೀಟಿ ಕಾಲು ಬಿಡಿಸಿದರು. ನೋವಿನಲ್ಲೂ ನನಗೆ ತಡೆಯಲಾಗಲಿಲ್ಲ. "ನನ್ನ ಕೂಗು ನೀವು ಕೇಳೇ ಇಲ್ವಲ್ಲ ದೊಡ್ಡಮ್ಮ, ನಾನೇ ಅಂತ ಹೇಗೆ ಗೊತ್ತಾಯ್ತು?"

"ಇದ್ದೋರ ಗಂಟಲೆಲ್ಲಾ ನಂಗೆ ಗೊತ್ತು. ಇದು ಗೊತ್ತಿಲ್ದೇ ಇರೋ ಗಂಟಲು. ಇನ್ಯಾರಿರ್ತಾರೆ?"

ತರ್ಕದಲ್ಲಿ ಎಳ್ಳಷ್ಟು ದೋಷವಿರಲಿಲ್ಲ! ಆದರೂ ಬಿಡಲಿಲ್ಲ. "ಹಂಗಾದ್ರೆ ನಾನು ಕೂಗ್ದೇ ಇದ್ದಿದ್ದೇ ಒಳ್ಳೇದಾಯ್ತು. ಕೂಗಿದ್ರೆ ನೀವು ಇವತ್ತು ಟೇಕಲ್ಲಲ್ಲಿರ್ತಿದ್ರಿ."

"ನಾನು ಹೋಗೋವಾಗ ನಿಮ್ಮೆಲ್ಲರ ಗಂಟಲೂ ಇವಳಿಗೆ ಹೇಳ್ಕೊಟ್ಟೇ ಹೋಗೋದು" ಎಂದು ಅಡುಗೆಯಾಕೆಯನ್ನು ತೋರಿಸಿದರು. "ಗೊತ್ತಿಲ್ದೇ ಇರೋದನ್ನ ಹೆಂಗೆ ಹೇಳ್ಕೊಡ್ಲಿ? ಅದಕ್ಕೇ ಕೂತಿದ್ದೆ. ವಾದ ಆಮೇಲೆ ಮಾಡು, ಈಗ ನನ್ನ ಭುಜ ಹಿಡ್ಕೋ."

ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಮುಂದಿನ ಭಾನುವಾರ ದೊಡ್ಡಮ್ಮ ನನ್ನನ್ನೂ ಟೇಕಲ್ಲಿಗೆ ಹೊರಡಿಸಿದರು. ರೈಲಿನಲ್ಲಿ ಕಿಟಕಿಯ ಪಕ್ಕ ಇಬ್ಬರೂ ಒಂದೊಂದು ಕಾಲು ಚಾಚಿ ಕೂತಿದ್ದೆವು.

"ದೊಡ್ಡಮ್ಮ, ನಿಮ್ಮ ಕಾಲಿಗೇನಾಯ್ತು?" ಕೇಳಿದೆ. ಇಷ್ಟು ಪ್ರಶ್ನೆ ಕೇಳುವ ನಾನು ಅದೊಂದನ್ನು ಕೇಳಿರಲಿಲ್ಲ.

"ಮದುವೆಯಾಗಿ ಮೂರು ತಿಂಗಳು. ಹುಲ್ಲಿಗೆ ಹೋದೋಳು ಕಲ್ಲು ಒಡೆಯೋ ಗುಂಡಿಗೆ ಬಿದ್ದೆ. ಮೇಲ್ಗಡೆ ದಾರೀಲಿ ನಮ್ಮ ಮಾವ ಹೋಗ್ತಿದ್ರು, ಊರ ಗಂಡಸ್ರು ಹೋಗ್ತಿದ್ರು. ಅವರ ಮಾತು ಕೇಳಿಸ್ತಿತ್ತು. ಹೊಸ ಸೊಸೆ, ಹೆಂಗೆ ಕೂಗೋದು ಅಂತ ನಾಚಿಕೆ ಕಣೇ. ಬಾಯಿಗೆ ಸೆರಗು ಕಚ್ಕೊಂಡು ಮಧ್ಯಾಹ್ನ ಎಲ್ಲಾ ಬಿದ್ದಿದ್ದೆ. ಕೊನೆಗೆ ಕತ್ತಲಾದ್ಮೇಲೆ ತಡೀಲಾರ್ದೆ ಒಂದ್ಸಲ ಕೂಗಿದೆ. ನಿಮ್ಮ ದೊಡ್ಡಪ್ಪನೇ ಬಂದಿದ್ದು. ಮೇಲಿಂದ ಬಗ್ಗಿ ಏನಂದ್ರು ಗೊತ್ತಾ?"

"ಏನು?"

"'ಯಾರಮ್ಮಾ ನೀನು, ಯಾರ ಮನೆಯೋಳು?'"

ದೊಡ್ಡಮ್ಮ ನಕ್ಕರು. "ಮೂರು ತಿಂಗಳಿಂದ ಅವರ ಮನೇಲೇ ಇದ್ದೆ ನೋಡು. ನನ್ನ ಗಂಟಲು ಅವರು ಕೇಳೇ ಇರ್ಲಿಲ್ಲ."

ನಾನು ನನ್ನ ಉಳುಕಿದ ಕಾಲನ್ನು ಅವರ ಕಾಲಿನ ಪಕ್ಕಕ್ಕೆ ಸರಿಸಿಕೊಂಡೆ.

ರೈಲು ನಿಧಾನವಾಯಿತು. ಟೇಕಲ್ಲಿನ ಬೆಟ್ಟ ಕಂಡಿತು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಮಗೆ ಬೆನ್ನು ಮಾಡಿ ದೊಡ್ಡಪ್ಪ ಬಾವುಟ ಹಿಡಿದು ನಿಂತಿದ್ದರು. ದೊಡ್ಡಮ್ಮ ಬಾಗಿಲಿನ ಕಂಬಿ ಹಿಡಿದು ನಿಂತು, ಇಡೀ ಡಬ್ಬಿಯ ಜನ ತಿರುಗಿ ನೋಡುವ ಹಾಗೆ, "ಓ...!" ಎಂದರು.

ದೊಡ್ಡಪ್ಪ ತಿರುಗಲೂ ಇಲ್ಲ. ಬಾವುಟವನ್ನೊಮ್ಮೆ ಮೇಲೆತ್ತಿ, "ಬಾರೇ, ಕೋಳಿ ಹಿಡ್ದಿದ್ದೀನಿ!" ಎಂದು ಕೂಗಿದರು.

"ನೀನೂ ಒಂದು ಕೂಗು ಹಾಕೇ" ಎಂದರು ದೊಡ್ಡಮ್ಮ, ನನ್ನ ಕೈ ಹಿಡಿದು. "ಅವರೂ ನಿನ್ನ ಗಂಟಲು ಕಲ್ತ್ಕೊಳ್ಲಿ."

ಯಾಕೆ ಎಂದು ನಾನು ಕೇಳಲಿಲ್ಲ. ಕೂಗಿದೆ.